ಕಾಣೆಯಾದ ಫೈಲು, ಗಂಗಾಂಬಿಕಾಳ ಚೀಲ

ಬನಹಟ್ಟಿಯ ಶಿವಯೋಗೆಪ್ಪನಿಗೆ ಅನುಮಾನ ಹುಟ್ಟಲು ಬಹಳ ಹೊತ್ತು ಬೇಕಾಗುತ್ತಿರಲಿಲ್ಲ. ನೂಲಿನ ಉಂಡೆಯೊಂದು ಜಾಗ ಬದಲಿಸಿದರೂ ಯಾರೋ ಕೈಹಾಕಿದ್ದಾರೆ ಎನ್ನುವ ಜೀವ ಅದು. ಅಂಥವನ ಕಂಪ್ಯೂಟರಿನಲ್ಲಿ ಸೋಮವಾರ ಬೆಳಿಗ್ಗೆ ಸೀರೆಯ ಡಿಸೈನ್ ಬರೆಯುವ ಪ್ರೋಗ್ರಾಂ ತೆರೆಯಲೇ ಇಲ್ಲ. ತಾನು ನಡೆಯಲು ಬೇಕಾದ ಒಂದು ಡಿಎಲ್‌ಎಲ್ ಫೈಲು ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾಯಿತು. ಮೂಲ ಸಿ.ಡಿ. ಹಾಕಿ ನೋಡಿದರೆ ಅದಕ್ಕೂ ಗೀರು ಬಿದ್ದಿತ್ತು.

ಡಿಸೈನ್ ಬರೆಯುತ್ತಿದ್ದವಳು ಹಿಂದಿನ ಓಣಿಯ ಮುತ್ತವ್ವನ ಮಗಳು ಗಂಗಾಂಬಿಕಾ. ನಾಲ್ಕು ವರ್ಷದಿಂದ ಅವನ ಎಂಟು ಪವರ್‌ಲೂಮಿನ ಮೇಲೆ ಇಳಿದ ಸೆರಗೆಲ್ಲ ಅವಳ ಕೈಯದೇ. ಅವನ ಮಗಳ ಮದುವೆ ಸೀರೆಯ ಸೆರಗೂ ಅರ್ಧ ಬರೆದದ್ದು ಆ ಕಂಪ್ಯೂಟರಿನೊಳಗೇ ಇತ್ತು. "ಒಂದ ಫೈಲ್ ಹೋಗೇತಿ, ಕಾಕಾರ. ನಾ ನೋಡತೇನಿ," ಎಂದವಳು ಮರುದಿನ ಕೆಲಸಕ್ಕೇ ಬರಲಿಲ್ಲ.

ಬುಧವಾರ ನೂಲಿನ ವ್ಯಾಪಾರಿ ರಾಮಣ್ಣ ಚಹಾ ಕುಡಿಯುತ್ತ, "ನಿಮ್ಮ ಗಂಗವ್ವ ನಿನ್ನಿ ತೇರದಾಳದಾಗ ಶಂಕರೆಪ್ಪನ ಮನಿಯಿಂದ ಹೊರಗ ಬರೂದು ನೋಡ್ದೆ," ಎಂದ. ಶಂಕರೆಪ್ಪನೂ ಸೀರೆ ನೇಯಿಸುವವನೇ. ತನ್ನ ಅಂಚನ್ನು ನಕಲು ಹೊಡೆದನೆಂದು ಶಿವಯೋಗೆಪ್ಪ ಆರು ವರ್ಷದಿಂದ ಅವನೊಡನೆ ಮಾತು ಬಿಟ್ಟಿದ್ದ. ಇನ್ನೇನು ಬೇಕು? ಫೈಲು ತಾನಾಗಿ ಹೋಗಿಲ್ಲ, ಇವಳೇ ಒಯ್ದು ಕೊಟ್ಟಿದ್ದಾಳೆ ಎಂದು ತೀರ್ಮಾನಿಸಿಬಿಟ್ಟ.

ಅಷ್ಟರಲ್ಲಿ ಗಂಗಾಂಬಿಕಾ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ಶಿವಯೋಗೆಪ್ಪ ಮೇನ್ ಸ್ವಿಚ್ ಇಳಿಸಿದ. ಎಂಟೂ ಮಗ್ಗ ನಿಂತವು, ನೇಕಾರರೆಲ್ಲ ತಿರುಗಿ ನೋಡಿದರು.

"ನಿನ್ನಿ ಎಲ್ಲಿ ಹೋಗಿದ್ದಿ?"

"ತೇರದಾಳಕ್ಕ."

"ಚೀಲ ತೆಗಿ."

ಅವಳು ಅವನ ಮುಖವನ್ನೇ ನೋಡಿದಳು. ಊಟದ ಡಬ್ಬಿ, ಅಳತೆಪಟ್ಟಿ, ಕೊನೆಗೆ ಒಂದು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟಳು.

"ನನ್ನವು ಎಷ್ಟು ಡಿಸೈನ್ ಅದಾವ ಇದರಾಗ?"

ಅವಳು ಡಬ್ಬಿ, ಅಳತೆಪಟ್ಟಿ ಚೀಲಕ್ಕೆ ಹಾಕಿಕೊಂಡು, ಫ್ಲಾಪಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಸಿಕ್ಕಿಬಿದ್ದವರು ಹೀಗೇ ಹೋಗುವುದು ಎಂದುಕೊಂಡು ಶಿವಯೋಗೆಪ್ಪ ಸ್ವಿಚ್ ಮೇಲೆತ್ತಿದ.

ಮಧ್ಯಾಹ್ನ ಜಮಖಂಡಿಯಿಂದ ಕಂಪ್ಯೂಟರ್ ರಿಪೇರಿಯ ಸಂಜು ಬಂದ. ಫ್ಲಾಪಿ ಹಾಕಿ ನೋಡಿ, "ಇದರಾಗ ಡಿಸೈನ್ ಒಂದೂ ಇಲ್ರಿ. ನಿಮ್ಮಲ್ಲಿ ಹೋದ ಫೈಲ್ ಐತಿ, ಅಷ್ಟ. ಶಂಕರೆಪ್ಪನವರ ಕಡೆನೂ ಇದ ಪ್ರೋಗ್ರಾಂ ಐತಿ, ಅಲ್ಲಿಂದ ತಂದಿರಬೇಕು," ಎಂದ. ಫೈಲನ್ನು ಅದರ ಜಾಗಕ್ಕೆ ಹಾಕಿದ ಕೂಡಲೇ ಪ್ರೋಗ್ರಾಂ ತೆರೆಯಿತು. ಮಗಳ ಸೀರೆಯ ಅರ್ಧ ಸೆರಗು ಹಾಗೇ ಇತ್ತು.

"ಮತ್ತ ಮೊದಲಿಂದು ಯಾರ್ ತಗದ್ರು?" ಅನುಮಾನ ಇನ್ನೂ ಸತ್ತಿರಲಿಲ್ಲ.

"ಬ್ಯಾರೆ ಪ್ರೋಗ್ರಾಂ ಏನರ ಕಿತ್ತೀರೇನ್ರಿ ಇತ್ತಿತ್ಲಾಗ?"

ಕಿತ್ತಿದ್ದ. ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ, ಧೂಳು ಹೊಡೆದು, ಎಣ್ಣೆ ಬಿಟ್ಟು ಪೂಜೆ ಮಾಡುವುದು ಅವರ ಪದ್ಧತಿ. ಭಾನುವಾರ ಅಮಾವಾಸ್ಯೆ. ಕಂಪ್ಯೂಟರನ್ನೂ ಸ್ವಚ್ಛ ಮಾಡೋಣವೆಂದು ಕೂತು, ಮಗಳ ಸಂಬಂಧ ಕೂಡಿತಲ್ಲ ಇನ್ಯಾಕೆ ಎಂದು ಜಾತಕದ ಪ್ರೋಗ್ರಾಮನ್ನು ತೆಗೆದುಹಾಕಿದ್ದ. ನಡುವೆ ಅದೇನೋ ಕೇಳಿತ್ತು. ಓದದೆ ಎಲ್ಲದಕ್ಕೂ ಹೌದು ಒತ್ತಿದ್ದ.

"ಈ ಫೈಲ್ ಬ್ಯಾರೆ ಪ್ರೋಗ್ರಾಮಿಗೂ ಬೇಕಾಗಬಹುದು, ತಗೀಲೇನು ಅಂತ ಕೇಳಿರತೈತ್ರಿ. ಎರಡು ಮನಿಗೆ ಮಗ್ಗದ ಹಾಸಿನ ನೂಲು ಸುತ್ತೋ ಡ್ರಮ್ಮು ಒಂದ ಇರತೈತಲ್ರಿ? ಒಂದು ಮನಿಯವ್ರು ಊರು ಬಿಡುವಾಗ ಅದನ್ನೂ ಒಯ್ದಂಗ ಆತು."

ಶಿವಯೋಗೆಪ್ಪನಿಗೆ ನಾಚಿಕೆಯಾಯಿತು. ಚಪ್ಪಲಿ ಮೆಟ್ಟಿಕೊಂಡು ಮುತ್ತವ್ವನ ಮನೆಗೆ ನಡೆದ. ಗಂಗಾಂಬಿಕಾ ಅಡುಗೆಮನೆಯ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

"ತಪ್ಪಾತು, ಗಂಗವ್ವ. ಫೈಲ್ ನಾನ ತಗದಿದ್ದೆ," ಎಂದು ಮೆಲ್ಲಗೆ ಹೇಳಿದ. ಆಮೇಲೆ ತಡೆಯಲಾರದೆ, "ಶಂಕರೆಪ್ಪನ ಕಡೆ ಹೋಗತೇನಂತ ಮೊದಲ ಹೇಳಬಾರದಿತ್ತೇನು?"

"ಹೇಳಿದ್ರ ಬಿಡತಿದ್ರೇನ್ರಿ?"

ಶಿವಯೋಗೆಪ್ಪ, "ನಾಳಿಂದ ಬಾ," ಎಂದ.

"ಚೀಲ ತೆಗಿ ಅನ್ನುವಾಗ ಎಂಟೂ ಮಗ್ಗ ನಿಲ್ಲಿಸಿದ್ರಿ, ಕಾಕಾರ. ಇದನ್ನ ಮಾತ್ರ ನಮ್ಮ ಅಡಗಿಮನಿಗೆ ಬಂದು ಹೇಳಾಕತ್ತೀರಿ," ಎಂದಳು ಅವಳು, ಮೊರದಿಂದ ಕಣ್ಣೆತ್ತದೆ.

ಎಲ್ಲರ ಮುಂದೆ ಹೇಳಲೆಂದೇ ಶಿವಯೋಗೆಪ್ಪ ತಿರುಗಿ ಬಂದು ಮೇನ್ ಸ್ವಿಚ್ ಇಳಿಸಿದ. ಎಂಟೂ ಮಗ್ಗ ನಿಂತವು. ಅವನು ಬಾಯಿ ತೆರೆಯುವ ಮೊದಲೇ, ಇಪ್ಪತ್ತು ವರ್ಷದಿಂದ ಅವನಲ್ಲೇ ನೇಯುತ್ತಿದ್ದ ಈರಪ್ಪ, ಈ ಸಲ ತನ್ನ ಸರದಿ ಎಂದುಕೊಂಡು, ಎದ್ದುಹೋಗಿ ಗೂಟಕ್ಕೆ ಹಾಕಿದ್ದ ತನ್ನ ಚೀಲವನ್ನು ತಂದು ಮೇಜಿನ ಮೇಲೆ ಬಿಚ್ಚಿಟ್ಟ.