ವಿರುಪಣ್ಣನ ಅಲೌನ್ಸು

ಅಪ್ಪನ ಹಣೆಗೆ ವಿಭೂತಿ ಬಳಿಯುತ್ತಿದ್ದ ರುದ್ರೇಶ ಅರ್ಧಕ್ಕೇ ಕೈ ತೆಗೆದು, ಒದ್ದೆ ಬೆರಳಲ್ಲೇ ಮತ್ತೆ ಫೋನು ಒತ್ತಿದ. ರಿಂಗಾಗುತ್ತಲೇ ಇತ್ತು. ಆಟೋದ ಹೈದರಸಾಬ ಎತ್ತಲಿಲ್ಲ.

"ಎತ್ತವಲ್ನೇನು?" ಎಂದಳು ಯಮನೂರಮ್ಮ. ಅಣ್ಣ ವಿರುಪಣ್ಣ ತೀರಿಕೊಂಡ ಸುದ್ದಿ ಕೇಳಿ ಅಳವಂಡಿಯಿಂದ ಸಿಕ್ಕ ಗಾಡಿ ಹತ್ತಿ ಬಂದವಳು. ಬಂದ ಗಳಿಗೆಯಿಂದ ಮನೆಯ ಆಡಳಿತವೆಲ್ಲ ಅವಳದೇ.

"ತಲಿ ಮ್ಯಾಲ ಅಷ್ಟು ದೊಡ್ಡ ಮೈಕು ಒದರತಿರತೈತಿ ಅತ್ತಿ, ಅವಗ ಫೋನು ಹೆಂಗ ಕೇಳಬೇಕು?"

ಆ ಮೈಕಿನಲ್ಲಿ ಒದರುತ್ತಿದ್ದುದು ಇಲ್ಲಿ ಗೋಡೆಗೊರಗಿಸಿ ಕೂರಿಸಿದ್ದ ವಿರುಪಣ್ಣನದೇ ಧ್ವನಿ. ಗಂಗಾವತಿಯ ಹಳೇ ಟಾಕೀಸಿಗೆ ಐವತ್ತು ವರ್ಷದ ಹಿಂದಿನ ಸಿನಿಮಾವೊಂದು ಹೊಸ ಬಣ್ಣ ಬಳಿದುಕೊಂಡು ಮತ್ತೆ ಬಂದಿತ್ತು. ಅದರ ಪ್ರಚಾರಕ್ಕೆ ವಿರುಪಣ್ಣ ಮಾತಾಡಿ ರೆಕಾರ್ಡು ಮಾಡಿಕೊಟ್ಟಿದ್ದ. ಹೈದರಸಾಬ ಅದನ್ನು ಆಟೋದ ಮೈಕಿಗೆ ಹಾಕಿಕೊಂಡು ನಸುಕಿನಲ್ಲೇ ಸಿದ್ದಾಪುರದ ಕಡೆ ಹೋಗಿದ್ದ. ಅವನು ಊರು ದಾಟಿದ ಮೇಲೆಯೇ ಶೇಖರಮ್ಮ ಗಂಡನಿಗೆ ಚಹಾ ಒಯ್ದದ್ದು, ಮುಟ್ಟಿ ನೋಡಿದ್ದು.

ಧ್ವನಿ ಹಳ್ಳಿಗಳಲ್ಲಿ ತಿರುಗಿಕೊಂಡಿದ್ದರೆ ಯಾರಿಗೂ ತ್ರಾಸಿರಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಆಟೋ ಊರಿನ ಬಸ್‌ಸ್ಟ್ಯಾಂಡಿಗೆ ಬರುತ್ತದೆ, ಅದೇ ಹೊತ್ತಿಗೆ ಕುಷ್ಟಗಿಯ ಬಸ್ಸಿನಿಂದ ಭವಾನಿ ಇಳಿಯುತ್ತಾಳೆ. ಬೆಳಿಗ್ಗೆಯಿಂದ ರುದ್ರೇಶ ಫೋನು ಒತ್ತುತ್ತಲೇ ಇದ್ದುದು ಇದಕ್ಕೇ.

ಭವಾನಿ ಅವನ ತಂಗಿ. ತುಂಬಿದ ಬಸುರಿ. ಇದಕ್ಕೂ ಮೊದಲು ಎರಡು ಸಲ ನಿಂತ ಬಸುರು ಇಳಿದುಹೋಗಿತ್ತು. ಗಂಡ ಬಸ್ ಡ್ರೈವರು, ದೂರದ ಡ್ಯೂಟಿಗೆ ಹೋಗಿದ್ದ. ನೆರೆಮನೆಯವರು ಕರೆತಂದು ಬಸ್ಸು ಹತ್ತಿಸಿದ್ದರು. ಸಾವಿನ ಸುದ್ದಿಯನ್ನು ಫೋನಿನಲ್ಲಿ ನೆಟ್ಟಗೆ ಹೇಳುವ ರೂಢಿ ಈ ಕಡೆ ಇಲ್ಲ. 'ಭಾಳ ಆರಾಮಿಲ್ಲ, ಬಂದು ಮಾರಿ ನೋಡಿ ಹೋಗು' ಅಂದರೆ ಸಾಕು. ಕೇಳಿದವರು ಅರ್ಧ ತಿಳಿದುಕೊಂಡು ಬಸ್ಸು ಹತ್ತುತ್ತಾರೆ, ಉಳಿದರ್ಧವನ್ನು ಕಿಟಕಿಯ ಪಕ್ಕ ಅಳುತ್ತ ತಿಳಿದುಕೊಳ್ಳುತ್ತಾರೆ. ಮನೆ ಮುಟ್ಟುವ ಹೊತ್ತಿಗೆ ಎದೆ ಗಟ್ಟಿಯಾಗಿರುತ್ತದೆ. ರುದ್ರೇಶನೂ ತಂಗಿಗೆ ಹಾಗೇ ಹೇಳಿದ್ದ.

"ಅಕಿ ಬಂದ ಕೂಡಲೇ ಯಾರೂ ಬಾಯಿ ಮಾಡಿ ಅಳಬ್ಯಾಡ್ರಿ," ಎಂದು ಯಮನೂರಮ್ಮ ನೆರೆದ ಹೆಂಗಸರಿಗೆಲ್ಲ ತಾಕೀತು ಮಾಡಿದ್ದಳು. "ಮೊದಲ ಕುಂದ್ರಸೂಣು, ನೀರು ಕುಡಸೂಣು. ಆಮ್ಯಾಲ ನಾ ಹೇಳತೇನಿ." ಅದಕ್ಕೆಂದೇ ಒಂದು ತಂಬಿಗೆ ನೀರು ತುಂಬಿ ಹೊಸ್ತಿಲ ಪಕ್ಕ ಮುಚ್ಚಿಟ್ಟಿದ್ದಳು.

ಶೇಖರಮ್ಮನಿಗೆ ಇದೊಂದೂ ಕಿವಿಗೆ ಬಿದ್ದಿರಲಿಲ್ಲ. ಅವಳದು ಬೆಳಿಗ್ಗೆಯಿಂದ ಒಂದೇ ಮಾತು.

"ಬಾಯಾಗ ಒಂದು ಹನಿ ನೀರು ಬಿಡಾಕ ಆಗಲಿಲ್ಲವಾ. ನೀರು ಕೇಳಿದ್ನೋ ಏನೋ. ಬಾಜೂಕ ಮಲಗಿದ್ದೆ, ನನಗ ಎಚ್ಚರ ಆಗಲಿಲ್ಲ."

*

ಒಂದು ಕಾಲಕ್ಕೆ ಶುಕ್ರವಾರ ಬಂತೆಂದು ಗಂಗಾವತಿಯವರಿಗೆ ತಿಳಿಯುತ್ತಿದ್ದುದೇ ವಿರುಪಣ್ಣನಿಂದ. ಟಾಂಗಾದ ಮೇಲೆ ಮೈಕು ಕಟ್ಟಿಕೊಂಡು ಹೊಸ ಸಿನಿಮಾದ ಸುದ್ದಿ ಸಾರುತ್ತಿದ್ದ. ಜನ ಅದಕ್ಕೆ ಅಲೌನ್ಸು ಅನ್ನುತ್ತಿದ್ದರು. ಆಳು ನೋಡಿದರೆ ಪುಟ್ಟ. ಕೆಮ್ಮಿದರೆ ಓಣಿಗೆ ಓಣಿಯೇ ತಿರುಗಿ ನೋಡುತ್ತಿತ್ತು. "ಬನ್ನಿರಿ, ನೋಡಿರಿ, ಬಾರದವರಿಗೆ ಹೋಗಿ ಹೇಳಿರಿ!" ಎಂದು ಅವನು ಎಳೆದನೆಂದರೆ ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು.

ಒಮ್ಮೆ ಟಾಂಗಾ ಹೆಣ್ಣುಮಕ್ಕಳ ಸಾಲಿಯ ಮುಂದೆ ಹೋಗುವಾಗ ಅಲೌನ್ಸು ಮುಗಿಸಿ, ಅದೇ ಮೈಕಿನಲ್ಲಿ, "ಭವಾನೀ, ಬುತ್ತಿ ಮರತು ಬಂದೀಯಲ್ಲವಾ, ಗೇಟಿಗೆ ಬಾ!" ಎಂದುಬಿಟ್ಟ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಾಸ್ತರರೂ ನಕ್ಕರು. ಭವಾನಿ ಅಳುತ್ತ ಮನೆಗೆ ಬಂದು ಅಪ್ಪನ ಕೂಡ ಮಾತು ಬಿಟ್ಟಳು.

"ತಪ್ಪಾತವಾ. ಇನ್ನ ಮೈಕಿನ್ಯಾಗ ಮನಿ ಮಾತು ಆಡಂಗಿಲ್ಲ," ಎಂದು ವಿರುಪಣ್ಣ ಕಿವಿ ಹಿಡಿದುಕೊಂಡ.

ಮುಂದಿನ ಶುಕ್ರವಾರ ಟಾಂಗಾ ಬರೀ ಸಿನಿಮಾದ ಸುದ್ದಿ ಹೇಳಿ ಸಾಲಿ ದಾಟಿಹೋಯಿತು. ಸಂಜೆ ಭವಾನಿ ಬಾಗಿಲಲ್ಲೇ ನಿಂತು, ಮುಖ ಊದಿಸಿಕೊಂಡು, "ಯಾಕ ಕರೀಲಿಲ್ಲ?" ಎಂದಳು. ಆಮೇಲೆ ಅವಳು ಸಾಲಿ ಬಿಡುವತನಕ ಪ್ರತಿ ಅಲೌನ್ಸಿನ ಬಾಲಕ್ಕೂ ಮನೆಯ ಮಾತೊಂದು ಅಂಟಿಕೊಂಡೇ ಇರುತ್ತಿತ್ತು.

ಫೋನುಗಳು ಬಂದು ಮೈಕು ಮೂಲೆ ಸೇರಿತು. ವಿರುಪಣ್ಣ ಕಾಳಿನ ಅಂಗಡಿಯೊಂದರಲ್ಲಿ ಚೀಲ ತೂಗುತ್ತ ವಯಸ್ಸಾದ. ಮೊನ್ನೆ ಟಾಕೀಸಿನ ಮ್ಯಾನೇಜರ, "ಹಳೇ ಸಿನಿಮಾಕ್ಕ ಹಳೇ ಧ್ವನೀನ ಬೇಕ್ರಿ," ಎಂದು ಹೈದರಸಾಬನನ್ನು ಮನೆಗೆ ಕಳಿಸಿದಾಗ ಅವನು ಕ್ಷೌರ ಮಾಡಿಸಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು ಹೋದ. ಧ್ವನಿಗೆ ಅಂಗಿ ಯಾಕೆ ಎಂದು ಶೇಖರಮ್ಮ ಚಾಷ್ಟಿ ಮಾಡಿದರೂ ಕೇಳಲಿಲ್ಲ. ಒಂದೇ ಉಸಿರಿಗೆ ಚೆಂದಾಗಿ ಹೇಳಿದ. ಕಡೆಗೆ, ರೆಕಾರ್ಡು ಇನ್ನೂ ನಡೆದಿದೆ ಅನ್ನುವುದನ್ನು ಮರೆತು, "ಸಾಕೇನೋ ಹೈದರ? ಬಾಯಿ ಒಣಗೇತಿ. ಒಂದು ಗುಟುಕು ನೀರು ಕೊಡೋ," ಎಂದ. ಅದೂ ಸೇರಿಹೋಯಿತು. ಮ್ಯಾನೇಜರ ಕೇಳಿ ನಕ್ಕು, "ಇರಲಿ ಬಿಡ್ರಿ, ಮಂದಿ ಖುಷಿ ಪಡತಾರ," ಎಂದಿದ್ದ.

*

"ಮಣ್ಣು ಕೊಡೋ ಮಗ ಹೆಣ ಬಿಟ್ಟು ಹೊರಗ ಹೋಗಬಾರದೋ," ಎಂದು ಯಮನೂರಮ್ಮ ಅಡ್ಡ ನಿಂತಳು.

"ಅಪ್ಪ ನೀರು ಕೇಳೋದು ಬಸ್‌ಸ್ಟ್ಯಾಂಡಿನ್ಯಾಗ ಅಕಿ ಕಿವಿಗೆ ಬಿದ್ರ ಏನು ತಿಳಕೋಬೇಕು ಅತ್ತಿ? ಅರಾಮ ಅದಾನ ಅಂತ ತಿಳಕೊಂಡು ಇಲ್ಲಿಗೆ ಬಂದ್ರ?"

ಯಮನೂರಮ್ಮ ದಾರಿ ಬಿಟ್ಟು ಸರಿದಳು. ರುದ್ರೇಶ ಒದ್ದೆ ಪಂಚೆಯಲ್ಲೇ, ಬರಿಮೈ ಮೇಲೊಂದು ಟವೆಲು ಹಾಕಿಕೊಂಡು ಬೈಕು ಹತ್ತಿದ.

ಕುಷ್ಟಗಿಯ ಬಸ್ಸು ಬಂದು ಖಾಲಿ ನಿಂತಿತ್ತು. ಕಂಡಕ್ಟರ ಚಹಾ ಕುಡಿಯುತ್ತಿದ್ದ.

"ಬಸುರಿ ಹೆಣ್ಮಗಳು ಒಬ್ಬಾಕಿ ಇಳದಳೇನ್ರಿ?"

"ಆಗಲೇ ಇಳದ್ರಲ್ರಿ. ಪಾಪ, ದಾರಿ ತುಂಬಾ ಅಳಕೋತ ಬಂದಿದ್ರು. ಇಳದ ಕೂಡಲೇ ಅದ್ಯಾವುದೋ ಸಿನಿಮಾದ ಆಟೋದ ಹಿಂದ ನಗಕೋತ ಹೋದ್ರು."

ರುದ್ರೇಶ ಬೈಕಿನ ಕಡೆ ಓಡಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೈದರಸಾಬನ ನಂಬರು, ಮಾತಾಡಿದ್ದು ಭವಾನಿ.

"ಎಂಥಾ ಸುಳ್ಳ ಇದ್ದೀ ಅಣ್ಣಾ ನೀ! ನನ್ನ ಫೋನು ಸತ್ತೈತಿ, ಇಲ್ಲಾಂದ್ರ ಆಗಲೇ ಬೈತಿದ್ದೆ. ಅಪ್ಪ ಮೈಕಿನ್ಯಾಗ ನೀರು ಕೇಳಿದ್ದು ಕೇಳಿ ಹೋದ ಜೀವ ತಿರುಗಿ ಬಂತು ನೋಡು. ಓಡಿ ಹೋದ್ರ ಆಟೋದಾಗ ಹೈದರಣ್ಣ ಒಬ್ಬನ! ರೆಕಾರ್ಡ ಅಂತ. ಆದರ ಏನಾತು, ನಿನ್ನೆ ಸಂಜಿಗೂ ಅಪ್ಪ, ಅವ ಕೂಡಿ ಚಾ ಕುಡದಾರಂತ. ಏನೂ ಆಗಿಲ್ಲ ಕಾಕಾಗ ಅಂತಾನ."

"ಭವಾನಿ... ಹೈದರಗ ಕೊಡು ಫೋನು."

"ಅವ ಗಾಡಿ ಹೊಡ್ಯಾಕತ್ಯಾನ. ಮಗಳ ಮಾರಿ ನೋಡಬೇಕನಿಸಿದ್ರ ನೆಟ್ಟಗ ಬಾ ಅನ್ನಬೇಕಪಾ, ಹಿಂಗ ಹೆದರಸತಾರೇನು? ಅಪ್ಪಗ ಜಿಲೇಬಿ ಕಟ್ಟಿಸೇನಿ."

ಅವಳು ನಕ್ಕಳು. ಎರಡನೇ ಸಲದ್ದೂ ಇಳಿದುಹೋದ ಮೇಲೆ ತಂಗಿ ಹಾಗೆ ನಕ್ಕದ್ದನ್ನು ರುದ್ರೇಶ ಕೇಳಿರಲಿಲ್ಲ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಓಡುವ ಆಟೋದಲ್ಲಿ, ಒಬ್ಬಳೇ. ಹೇಳದಿದ್ದರೆ ಮನೆಯ ಮುಂದಿನ ಪೆಂಡಾಲೇ ಹೇಳುತ್ತದೆ.

"ತಂಗೀ, ಅಲ್ಲೇ ನಿಂದ್ರಿ, ನಾ ಬಂದೆ," ಎಂದ.

"ಏನು? ಕೇಳವಲ್ದು, ಮೈಕು ಭಾಳ ಒದರಾಕತ್ತೈತಿ. ಮನೀಗೆ ಬಂದ್ವಿ ತೊಗೋ," ಎಂದಳು. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಬೈಕನ್ನು ಹೇಗೆ ಹೊಡೆದನೋ ಅವನಿಗೇ ತಿಳಿಯದು. ನಡುದಾರಿಯಲ್ಲಿ ಭತ್ತದ ಲಾರಿಯೊಂದು ಅಡ್ಡಡ್ಡ ತಿರುಗುತ್ತ ನಿಂತಿತ್ತು. ಹಾರ್ನು ಹೊಡೆದ, ಬೈದ, ಕೈ ಮುಗಿದ. ದಾರಿ ಸಿಕ್ಕು ಓಣಿಯ ತಿರುವಿಗೆ ಬರುವಾಗ, ಅಪ್ಪನ ಧ್ವನಿ ಅವನಿಗಿಂತ ಮೊದಲೇ ಓಣಿ ಹೊಕ್ಕಿತ್ತು.

"ಬನ್ನಿರಿ, ನೋಡಿರಿ, ಬಾರದವರಿಗೆ ಹೋಗಿ ಹೇಳಿರಿ!"

ಪೆಂಡಾಲಿನಲ್ಲಿ ಭಜನೆ ನಿಂತುಹೋಯಿತು. ಕುರ್ಚಿಯಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಪೆಂಡಾಲು ಕಂಡ ಹೈದರಸಾಬ ಬ್ರೇಕು ಒತ್ತಿದ, "ಯಾ ಅಲ್ಲಾ" ಎಂದ. ಮೈಕು ಆರಿಸಲು ತಡಕಾಡಿದ, ಗುಂಡಿ ಕೈಗೆ ಸಿಗಲಿಲ್ಲ.

ಭವಾನಿ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಇಳಿದಳು. ಪೆಂಡಾಲು ನೋಡಿದಳು. ಬೈಕು ಬಿಸಾಕಿ ಓಡಿಬಂದ ಅಣ್ಣನ ಬರಿಮೈ, ಬೆರಳಿಗಂಟಿದ ವಿಭೂತಿ ನೋಡಿದಳು. ಯಾರೂ ಬಾಯಿ ಮಾಡಲಿಲ್ಲ. ಯಮನೂರಮ್ಮನ ತಾಕೀತನ್ನು ಎಲ್ಲರೂ ಪಾಲಿಸಿದರು.

ಯಮನೂರಮ್ಮ ತಂಬಿಗೆ ಹಿಡಿದು ಬಂದಳು. "ಮೊದಲ ಕುಂದ್ರು ನನ್ನವ್ವ. ನೀರು ಕುಡಿ."

ಭವಾನಿ ತಂಬಿಗೆ ಇಸಿದುಕೊಂಡಳು. ಕೂರಲಿಲ್ಲ. ಬಿದ್ದರೆ ಹಿಡಿಯಬೇಕೆಂದು ರುದ್ರೇಶ ಅವಳ ಬೆನ್ನ ಹಿಂದೆಯೇ ಕೈ ಚಾಚಿ ನಿಂತ. ಆಟೋದ ನೆತ್ತಿಯ ಮೇಲೆ ಅಪ್ಪ ಅಲೌನ್ಸು ಮುಗಿಸಿ, ಒಮ್ಮೆ ಕೆಮ್ಮಿದ.

"ಸಾಕೇನೋ ಹೈದರ? ಬಾಯಿ ಒಣಗೇತಿ. ಒಂದು ಗುಟುಕು ನೀರು ಕೊಡೋ."

ಬೆಳಿಗ್ಗೆಯಿಂದ ತಲೆ ಎತ್ತದ ಶೇಖರಮ್ಮ ತಲೆ ಎತ್ತಿದಳು. "ನೀರು ಕೇಳಾಕತ್ಯಾನವಾ," ಎಂದಳು ಮಗಳಿಗೆ.

ಮಂದಿ ದಾರಿ ಬಿಟ್ಟರು. ಭವಾನಿ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯ ತಂಬಿಗೆ ತುಳುಕದಂತೆ ನಡೆದು, ಅರ್ಧ ಹಣೆಗೆ ಮಾತ್ರ ವಿಭೂತಿ ಇದ್ದ ಅಪ್ಪನ ತುಟಿಗೆ ನೀರು ಹಿಡಿದಳು. ನೀರು ಗದ್ದದಿಂದ ಇಳಿದು ಎದೆಯ ಅಂಗಿಯನ್ನು ತೋಯಿಸಿತು. ಅವಳು ತಂಬಿಗೆ ಕೆಳಗಿಳಿಸಲಿಲ್ಲ. ಹಿಂದೆ ಆಟೋದ ಮೇಲೆ ಧ್ವನಿ ಮತ್ತೆ ಮೊದಲಿನಿಂದ ಸುರುವಾಯಿತು. ಯಾರೂ ಅದನ್ನು ಆರಿಸಲು ಹೋಗಲಿಲ್ಲ.