ಸೊನ್ನೆಗಿಂತ ಕೆಳಗೆ

"ಮುಟ್ಟಬ್ಯಾಡ! ಆ ಕೈಲೆ ನನ್ನ ಕುಂಡಿ ಮುಟ್ಟಿದಿ ಅಂದ್ರ ನೋಡು ಮತ್ತ!"

ಡ್ರೆಸ್ಸಿಂಗ್ ಕೋಣೆಯ ಮೇಜಿನ ಮೇಲೆ ಬೋರಲು ಬಿದ್ದಿದ್ದ ಅಮರೇಗೌಡ ಕೂಗಿದ ಕೂಗಿಗೆ ಹೊರಗೆ ಸಾಲಿನಲ್ಲಿದ್ದ ಕೂಸುಗಳೆಲ್ಲ ಅಳು ನಿಲ್ಲಿಸಿದವು. ಡಾಕ್ಟರ್ ಗಂಗಾದೇವಿ ಗ್ಲೌಸ್ ಹಾಕಿದ ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ನಿಂತಿದ್ದಳು. ಆಯಾ ಕರೆಮ್ಮ ಗೌಡನ ಕಾಲುಗಳನ್ನು ಅದುಮಿ ಹಿಡಿದಿದ್ದಳು.

"ಮತ್ತ ಯಾವ ಕೈಲೆ ಮುಟ್ಲಿರಿ?" ಎಂದಳು ಗಂಗಾದೇವಿ.

"ನೀ ಯಾರ ಪೈಕಿ? ಮೊದ್ಲ ಅದನ್ನ ಹೇಳು."

"ದಢೇಸುಗೂರು ರೀ. ಮಾದರ ಬಸ್ಸಪ್ಪನ ಮಗಳು. ನಮ್ಮವ್ವ ಗದ್ದೆಮ್ಮ ನಿಮ್ಮ ಹೊಲಕ್ಕ ನಾಟಿ ಮಾಡಾಕ ಬರ್ತಾಳ."

ಗೌಡ ಹೊಟ್ಟೆಯ ಮೇಲೆಯೇ ತೆವಳಿ ಮೇಜಿನ ಅಂಚಿಗೆ ಸರಿದ. "ಅಯ್ಯಯ್ಯಪ್ಪೋ! ಗದ್ದಿ ಮಗಳು ಗಂಗಿ! ರಿಸರ್ವೇಶನ್ ಡಾಕ್ಟರ್ ಕೈಗೆ ಹಾಕ್ಯಾರಲ್ಲೋ ನನ್ನ! ಮೆರಿಟ್ ಇದ್ದವ್ರು ಯಾರೂ ಇಲ್ಲೇನು ಇಲ್ಲಿ?"

"ಅದಾರ್ರಿ, ಸಿಂಧನೂರಾಗ," ಎಂದಳು ಕರೆಮ್ಮ. "ಹೋಗ್ತೀರೇನು?"

ಹೋಗುವ ಹಾಗಿರಲಿಲ್ಲ. ಗೌಡನ ಎಡ ಕುಂಡಿಯ ಮೇಲೆ ಮಾವಿನಕಾಯಿ ಗಾತ್ರದ ಕುರು ಎದ್ದಿತ್ತು. ಮಸ್ಕಿಯಿಂದ ಸಿಂಧನೂರಿಗೆ ಕಾರಿನಲ್ಲಿ ಹೊರಟವನು ಕೂರಲಾಗದೆ ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ, ಹಿಂದಿನ ಗಾಜಿಗೆ ಮುಖ ಹಚ್ಚಿಕೊಂಡು ಬಂದಿದ್ದ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನ ಕೂಲಿಯವರು, ಗೌಡರು ತಮ್ಮನ್ನೇ ನೋಡುತ್ತಿದ್ದಾರೆಂದು ದಾರಿಯುದ್ದಕ್ಕೂ ಕೈ ಮುಗಿದಿದ್ದರು. ನಡುದಾರಿಯಲ್ಲಿ ಒಂದು ದೊಡ್ಡ ಗುಂಡಿಗೆ ಕಾರು ಇಳಿದು ಎದ್ದಾಗ ಗೌಡ, "ನಿಂದ್ರಸೋ ಸೂಳೆಮಗನ!" ಎಂದು ಚೀರಿದ. ಕಾರು ನಿಂತದ್ದು ಕಾಲುವೆ ದಂಡೆಯ ಈ ಊರಿನ ಸರ್ಕಾರಿ ಆಸ್ಪತ್ರೆಯ ಮುಂದೆ.

ಅವನು ಬರೀ ರೋಗಿಯಾಗಿದ್ದರೆ ಗಂಗಾದೇವಿಗೆ ನಾಲ್ಕು ಮಾತು ಆಡಬಹುದಿತ್ತು. ಆದರೆ ಅವಳದು ಗುತ್ತಿಗೆಯ ಕೆಲಸ. ಗುತ್ತಿಗೆ ಮುಂದುವರಿಯಬೇಕೋ ಬೇಡವೋ ಎಂದು ಹೇಳುವ ಆಸ್ಪತ್ರೆ ಸಮಿತಿಯಲ್ಲಿ, ಡಾಕ್ಟರ ಮುಖ ನೋಡದೆಯೇ ಸಹಿ ಹಾಕುವ ಗೌಡನೂ ಇದ್ದ.

"ನನ್ನ ಮಗ ಸರ್ಜನ್ ಅದಾನ," ಎಂದ ಗೌಡ. "ಎಂಟ್ರೆನ್ಸ್ ಪರೀಕ್ಷೆ ಬರೆದು ಸರ್ಜರಿ ಸೀಟು ತಗೊಂಡಾನ. ಲಿಂಗಸುಗೂರಾಗ ಬೀಗರ ಮನ್ಯಾಗ ಅದಾನ, ಬರ್ತಾನ. ಅಲ್ಲೀತನ ಯಾರೂ ನನ್ನ ಮುಟ್ಟಬ್ಯಾಡ್ರಿ."

ಗಂಗಾದೇವಿ ನೋವಿನ ಮಾತ್ರೆ ಕೊಡಿಸಿ ಹೊರಗಿನ ಸಾಲು ನೋಡಲು ಹೋದಳು. ಗೌಡ ಬೋರಲು ಮಲಗಿಕೊಂಡೇ ದಿಂಬಿಗೆ ಭಾಷಣ ಶುರು ಮಾಡಿದ. ದೇಶ ಯಾಕೆ ಹಾಳಾಯಿತು, ಸೇತುವೆ ಯಾಕೆ ಬೀಳುತ್ತವೆ, ರೋಗಿಗಳು ಯಾಕೆ ಸಾಯುತ್ತಾರೆ, ಎಲ್ಲಕ್ಕೂ ಅವನ ಬಳಿ ಒಂದೇ ಉತ್ತರ. ಮೆರಿಟ್ ಇಲ್ಲ. ನೆಲ ಒರೆಸುತ್ತಿದ್ದ ಕರೆಮ್ಮ, "ಕುರು ಯಾಕ ಆಗ್ತಾವ್ರಿ?" ಎಂದು ಕೇಳಿದಾಗ ಮಾತ್ರ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಗೌಡನ ಮಗ ಆದನಗೌಡನನ್ನು ಗಂಗಾದೇವಿ ಬಲ್ಲಳು. ಇಬ್ಬರೂ ಒಂದೇ ವರ್ಷ, ಬಳ್ಳಾರಿಯ ಒಂದೇ ಕೇಂದ್ರದಲ್ಲಿ ಪಿ.ಜಿ. ನೀಟ್ ಬರೆದಿದ್ದರು. ಬಾಗಿಲಲ್ಲಿ ತಪಾಸಣೆಯವಳು ಗಂಗಾದೇವಿಯ ಮೂಗುತಿ ತೆಗೆಯಲು ಹೇಳಿದ್ದಳು. ಚಿಕ್ಕಂದಿನಲ್ಲಿ ಚುಚ್ಚಿದ್ದು, ಬರಲಿಲ್ಲ. ಕೊನೆಗೆ ಅದರ ಮೇಲೆ ಬಿಳಿ ಪಟ್ಟಿ ಅಂಟಿಸಿ ಒಳಗೆ ಬಿಟ್ಟಿದ್ದರು. ಉಸಿರಾಡಿದಾಗಲೆಲ್ಲ ಪಟ್ಟಿಯ ಒಂದು ತುದಿ ಎದ್ದು ಪಟಪಟ ಅನ್ನುತ್ತಿತ್ತು. ಹಾಗೆಯೇ ಬರೆದಿದ್ದಳು, ಒಳ್ಳೆಯ ರ‍್ಯಾಂಕೇ ಬಂದಿತ್ತು. ಆದರೆ ಅವಳ ಸರದಿ ಬರುವ ತುಸು ಮುಂಚೆ ಸರ್ಕಾರಿ ಕಾಲೇಜುಗಳ ಸರ್ಜರಿ ಸೀಟುಗಳು ಮುಗಿದವು. ಹೆಣ ಕೊಯ್ಯುವ ವಿಭಾಗದಲ್ಲಿ ಜಾಗ ಇದೆ ಎಂದರು. "ನಾ ಬದುಕಿದವ್ರನ್ನ ಕೊಯ್ಯಬೇಕು," ಎಂದು ಅವಳು ಬಿಟ್ಟು ಬಂದಳು. ಆಮೇಲೆ ಖಾಸಗಿ ಕಾಲೇಜುಗಳಲ್ಲಿ ದುಬಾರಿ ಸೀಟುಗಳು ಖಾಲಿ ಉಳಿದವು. ಅವನ್ನು ತುಂಬಲು ಕಟ್ ಆಫ್ ಇಳಿಸಿದರು. ಆದನಗೌಡ ಇದ್ದ ಕಡೆಗೆ ಕಟ್ ಆಫೇ ಇಳಿದು ಬಂದಿತು. ಈಗ ಅವಳು ಮತ್ತೆ ಓದುತ್ತಿದ್ದಳು. ರೋಗಿಗಳ ನಡುವೆ ಬಿಡುವು ಸಿಕ್ಕರೆ ಮೊಬೈಲಿನಲ್ಲಿ ಪ್ರಶ್ನೆ ಬಿಡಿಸುತ್ತಿದ್ದಳು.

ಮಧ್ಯಾಹ್ನ ಆದನಗೌಡ ಬಂದ. ಜೊತೆಗೆ ಬೀಗರಾಗಬೇಕಾದ ಪಂಪನಗೌಡರೂ ಬಂದರು. ಸರ್ಜನ್ ವರ ಎಂದೇ ಅವರು ಮಗಳನ್ನು ಕೊಡಲು ಒಪ್ಪಿದ್ದರು. "ಅಳಿಯಂದ್ರ ಕೈಚಳಕ ನೋಡೂಣ ಅಂತ ಬಂದೆ," ಎಂದು ವರಾಂಡದ ಬೆಂಚಿನಲ್ಲಿ ಕೂತರು.

ಒಳಗೆ ಬಂದ ಆದನಗೌಡ ಅಪ್ಪನ ಕುರುವನ್ನು ದೂರದಿಂದ ನೋಡಿದ. ಹತ್ತಿರ ಬಂದು ನೋಡಿದ. ಆಮೇಲೆ ಗಂಗಾದೇವಿಯನ್ನು ಮೂಲೆಗೆ ಕರೆದು ಪಿಸುಗುಟ್ಟಿದ.

"ಮೇಡಂ, ಕಾಲೇಜು ಸೇರಿ ತಿಂಗಳೂ ಆಗಿಲ್ಲ. ಇನ್ನೂ ಚಾಕು ಹಿಡಿದಿಲ್ಲ ನಾ. ಎಲ್ಲಿ ಕೊಯ್ಯಬೇಕ್ರಿ?"

"ಪರೀಕ್ಷೆಗೆ ಓದಿದ್ದಿರಲ್ಲ?"

"ಅಲ್ಲಿ ನಾಲ್ಕು ಉತ್ತರ ಕೊಟ್ಟಿರ್ತಾರ್ರಿ. ಅಪ್ಪನ ಕುಂಡಿ ಮ್ಯಾಲ ಒಂದೂ ಇಲ್ಲ."

ಗೌಡನಿಗೆ ಕುಂಡಿ ಕೆಟ್ಟಿತ್ತು, ಕಿವಿ ಚೊಲೋ ಇದ್ದವು. "ಲೇ ಆದ್ಯಾ! ಏನಂದಿ? ಪರೀಕ್ಷ್ಯಾಗ ಎಷ್ಟು ಅಂಕ ತಗೊಂಡಿದ್ದಿಲೇ ನೀ?"

"ಅದ್ಯಾಕಪ್ಪ ಈಗ?"

"ಬೊಗಳೋ!"

"ಮೈನಸ್ ಅಪ್ಪಾ."

"ಮೈನಸ್ ಅಂದ್ರ?"

"ತಪ್ಪು ಬರೆದ್ರ ಅಂಕ ಕಳೀತಾರ. ಸೊನ್ನೆಕ್ಕಿಂತ ಸ್ವಲ್ಪ ಕೆಳಗ."

ಗೌಡ ಕತ್ತು ತಿರುಗಿಸಿ ಮಗನನ್ನೇ ನೋಡಿದ. "ಸೊನ್ನೆಕ್ಕಿಂತ ಕೆಳಗ ಏನಿರ್ತೈತಲೇ?"

"ಕಾಲುವ್ಯಾಗ ನೀರು ಪೂರಾ ಖಾಲಿ ಆದ ಮ್ಯಾಲೂ ಕೆಸರು ಇರ್ತೈತಲ್ರಿ," ಎಂದಳು ಕರೆಮ್ಮ, "ಹಂಗ."

"ಬಾಡ್ಯಾ! ಮನ್ಯಾಗ ಮಕ್ಕೊಂಡಿದ್ರ ಸೊನ್ನೆನಾದ್ರೂ ಬರ್ತಿತ್ತಲ್ಲೋ! ಬಳ್ಳಾರಿತನ ಹೋಗಿ ಕಳಕೊಂಡು ಬಂದೀಯಲ್ಲೋ ಬೋಳಿಮಗನ!"

"ನಾ ಟ್ರ್ಯಾಕ್ಟರ್ ಷೋರೂಮ್ ಇಡ್ತೀನಿ ಅಂದಿದ್ದೆ, ನೀನ ಸರ್ಜನ್ ಆಗು ಅಂದಿ," ಎಂದ ಆದನಗೌಡ. ಅವನ ಕಣ್ಣಲ್ಲಿ ನೀರು ಬಂದಿತ್ತು. ಆದರೂ ಗ್ಲೌಸಿಗೆ ಕೈ ಹಾಕಿದ. ಒಂದೇ ತೂತಿಗೆ ಎರಡು ಬೆರಳು ಹೋದವು.

ಅದನ್ನು ನೋಡಿದ ಗೌಡ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಬ್ಯಾಡ! ಅವನ ಕೈಗೆ ಕೊಡಬ್ಯಾಡ್ರಿ! ನನಗಿರೋದು ಒಂದ ಕುಂಡಿ. ಏ ಗಂಗವ್ವ, ತಂಗಿ, ನೀನ ಕೊಯ್ಯವ್ವ!"

"ಮುಟ್ಟಬಹುದೇನ್ರಿ?"

"ಮುಟ್ಟವ್ವ! ಏನರ ಮಾಡು, ಲಗೂನ ಮಾಡು!"

ಗಂಗಾದೇವಿ ಮರಗಟ್ಟಿಸುವ ಸೂಜಿ ಚುಚ್ಚಿದಳು, ಕಾದಳು. ಬೆರಳಿಂದ ಒತ್ತಿ ನೋಡಿ, ಮೆತ್ತಗಾದ ಕಡೆ ಬ್ಲೇಡು ಇಟ್ಟಳು. ಕೀವು ಚಿಮ್ಮಿತು. ಆದನಗೌಡ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಸಿದ. ಕರೆಮ್ಮ ಅವನ ಮುಖಕ್ಕೆ ನೀರು ಚಿಮುಕಿಸಿದಳು. ಗಂಗಾದೇವಿ ತಲೆ ಎತ್ತಲಿಲ್ಲ. ಗಾಯವನ್ನು ಪೂರಾ ತೊಳೆದು, ಒಳಗೆ ಬಟ್ಟೆ ತುಂಬಿ, ಮೇಲೆ ಪಟ್ಟಿ ಹಾಕಿದಳು. ಎಷ್ಟೋ ದಿನದ ಮೇಲೆ ಅವಳಿಗೆ ಹಾಡಿಕೊಳ್ಳಬೇಕು ಅನ್ನಿಸಿತು.

"ಅಬ್ಬಾ," ಎಂದ ಗೌಡ ದಿಂಬಿನೊಳಗೆ. "ಜೀವ ಬಂತು."

ಜೀವದ ಜೊತೆಗೆ ಬುದ್ಧಿಯೂ ಬಂತು. "ನೋಡು ಗಂಗಿ. ಹೊರಗ ಬೀಗರು ಅದಾರ. ಕೊಯ್ದವ ನನ್ನ ಮಗ. ತಿಳೀತಿಲ್ಲೋ? ಬಾಯಿ ಬಿಟ್ಟಿ ಅಂದ್ರ, ಮುಂದಿನ ತಿಂಗಳ ಸಮಿತಿ ಮೀಟಿಂಗ್ ಐತಿ."

ಆಗ ಅವಳು ಬಾಯಿ ಬಿಡಲಿಲ್ಲ. ಈ ಪಗಾರದಲ್ಲೇ ಮನೆ ನಡೆಯಬೇಕಿತ್ತು, ಪರೀಕ್ಷೆ ಇನ್ನೂ ಮುಂದಿತ್ತು. ವರಾಂಡದಲ್ಲಿ ಗೌಡನ ದನಿ ಕೇಳಿಸಿತು. "ಬೆಣ್ಣ್ಯಾಗ ಕೂದಲು ತೆಗೆದಂಗ ತೆಗೆದ ನೋಡ್ರಿ ನನ್ನ ಮಗ!" ಪಂಪನಗೌಡರ ದನಿ ಅದಕ್ಕಿಂತ ಜೋರಾಗಿತ್ತು. "ಹಂಗಾದ್ರ ನನ್ನ ಹರ್ನಿಯಾನೂ ಅಳಿಯಂದ್ರ ಕೊಯ್ಯಲಿ! ಮದುವಿ ಮುಂಚೇನ ಆಗಿ ಹೋಗ್ಲಿ!"

ಆಮೇಲೆ ಯಾರೋ ಎಡವಿ ಬಿದ್ದ ಸದ್ದಾಯಿತು. ಅದು ಆದನಗೌಡ.

"ಸುಮ್ಮನಾಗಿಬಿಟ್ಟಿಯಲ್ಲ ಡಾಕ್ಟರವ್ವ," ಎಂದಳು ಕರೆಮ್ಮ, ಕೀವಿನ ಬಟ್ಟೆ ಬಕೆಟ್ಟಿಗೆ ಹಾಕುತ್ತ.

"ಪರೀಕ್ಷೆ ಮುಗಿಯೋತನ ಅಕ್ಕಾ."

"ನಮ್ಮ ಮಂದಿದು ಯಾವ ಪರೀಕ್ಷೆ ಮುಗಿದೈತಿ? ಆ ಮುದುಕನ ಹರ್ನಿಯಾ ಈ ಹುಡುಗ ಕೊಯ್ದ ಅಂದ್ರ ಮುದುಕ ಉಳಿತಾನೇನು?"

ಗಂಗಾದೇವಿ ಆ ದಿನ ಮೊಬೈಲಿನ ಪ್ರಶ್ನೆಗಳನ್ನು ತೆರೆದಳು. ಒಂದನ್ನೂ ಬಿಡಿಸದೆ ಮುಚ್ಚಿದಳು.

ಮರುದಿನ ಬೆಳಿಗ್ಗೆ ಗೌಡನ ಕಾರು ಆಸ್ಪತ್ರೆಯ ಹಿಂಬಾಗಿಲಿಗೆ ಬಂತು. ಪಟ್ಟಿ ಬದಲಿಸಲು ಡಾಕ್ಟರೇ ಕಾರಿನ ಬಳಿಗೆ ಬರಬೇಕಂತೆ ಎಂದು ಡ್ರೈವರ್ ಹೇಳಿದ.

"ಮುಂದಿನ ಬಾಗಿಲಿಲೆ ಬಂದು ಸಾಲಿನಾಗ ನಿಂದ್ರಾಕ ಹೇಳು," ಎಂದಳು ಗಂಗಾದೇವಿ.

ಕಾರು ಬಹಳ ಹೊತ್ತು ಅಲ್ಲೇ ನಿಂತಿತ್ತು. ಕಡೆಗೆ ಗೌಡ ಕಾಲಗಲಿಸಿ ನಡೆಯುತ್ತ ಬಂದು, ನಾಟಿಯ ಕೂಲಿ ಹೆಂಗಸರ ಹಿಂದೆ ನಿಂತ. ಸಾಲಿನಲ್ಲಿದ್ದ ಆಟೋ ಓಡಿಸುವ ದಸ್ತಗೀರ್‌ಸಾಬ್ ಎದ್ದು, "ಕುಂದರ್ರಿ ಗೌಡ್ರ, ಬೆಂಚು ಖಾಲಿ ಐತಿ," ಎಂದ. ಗೌಡ ಅವನನ್ನು ಕೊಲ್ಲುವಂತೆ ನೋಡಿದ.

ಅಷ್ಟರಲ್ಲಿ ಪಂಪನಗೌಡರು ಬಂದರು. ಹರ್ನಿಯಾ ಆಪರೇಷನ್ನಿಗೆ ಈ ಆಸ್ಪತ್ರೆಯಲ್ಲಿ ಜಾಗ ಕೇಳಲು, ಅಳಿಯನಾಗುವವನ ತೋಳು ಹಿಡಿದು ಎಳೆದುಕೊಂಡೇ ಬಂದಿದ್ದರು. ಆದನಗೌಡ ರಾತ್ರಿ ನಿದ್ದೆ ಮಾಡಿದಂತೆ ಕಾಣಲಿಲ್ಲ.

ಬಾಗಿಲಲ್ಲಿ ನಿಂತು ಹೆಸರು ಬರೆಸುತ್ತಿದ್ದ ಕರೆಮ್ಮ ಕೂಗಿದಳು. "ಮುಂದ ಯಾರು? ಅಮರೇಗೌಡ್ರ! ಕುಂಡಿ ಕುರು! ಕೊಯ್ದ ಡಾಕ್ಟರ್ ಯಾರ್ರಿ?"

ಗೌಡ ಬೀಗರ ಕಡೆ ನೋಡಿದ. "ನನ್ನ ಮಗ," ಎಂದ.

ಗಂಗಾದೇವಿ ಸ್ಟೆತಾಸ್ಕೋಪು ಕೊರಳಲ್ಲೇ ಇಟ್ಟುಕೊಂಡು ಹೊರಗೆ ಬಂದಳು. ನೇರ ಬೀಗರ ಮುಂದೆ ಹೋಗಿ ನಿಂತಳು.

"ಪಂಪನಗೌಡ್ರ, ನಿಮ್ಮ ಅಳಿಯಂದ್ರು ಕೊಯ್ದಿಲ್ಲ. ಅವರು ಎಚ್ಚರ ತಪ್ಪಿ ಬಿದ್ದಿದ್ರು. ಕೊಯ್ದಾಕಿ ನಾನು. ದಢೇಸುಗೂರು ಮಾದರ ಕೇರಿ, ಬಸ್ಸಪ್ಪ, ಗದ್ದೆಮ್ಮನ ಮಗಳು. ಹರ್ನಿಯಾ ಇಲ್ಲಿ ಆಗಂಗಿಲ್ಲ. ತೋರಿಸಿದ್ರ ನೋಡಿ ದೊಡ್ಡಾಸ್ಪತ್ರಿಗೆ ಕಳಸ್ತೀನಿ. ತೋರಿಸೋದಿದ್ರ ಸಾಲಿನಾಗ ನಿಂದ್ರಿ."

"ನಿನ್ನ ಕೆಲಸ ಹೋತು ಅಂತ ತಿಳ್ಕೊ ಗಂಗಿ!" ಎಂದು ಗೌಡ ಒದರಿದ.

"ಡಾಕ್ಟರ್ ಗಂಗಾದೇವಿ ಅನ್ರಿ," ಎಂದಳು. "ಒಳಗ ಬಂದು ಬೋರಲು ಮಕ್ಕೋರಿ. ಪಟ್ಟಿ ಬದಲಿ ಮಾಡ್ತೀನಿ."

ಅವನು ಹೇಳಿದಂತೆಯೇ ಆಯಿತು. ಮುಂದಿನ ತಿಂಗಳು ಸಮಿತಿ ಅವಳ ಗುತ್ತಿಗೆ ಮುಂದುವರಿಸಲಿಲ್ಲ. ಅವಳು ಕೆಲಸವಿಲ್ಲದೆಯೇ ಬಳ್ಳಾರಿಗೆ ಹೋಗಿ ಪರೀಕ್ಷೆ ಬರೆದಳು.

ಆದರೆ ಆ ಬೆಳಿಗ್ಗೆ ವರಾಂಡದಲ್ಲಿ ಪಂಪನಗೌಡರು ಆದನಗೌಡನ ಕಡೆ ತಿರುಗಿದರು. "ಖರೇ ಏನ್ರಿ?" ಆದನಗೌಡ ಅಪ್ಪನನ್ನು ನೋಡಲಿಲ್ಲ. ತಲೆ ಅಲ್ಲಾಡಿಸಿ, "ಖರೇ ರೀ," ಎಂದ. ಅವನ ಮುಖ ಮೊದಲ ಸಲ ಹಗುರಾಗಿತ್ತು.

ಪಂಪನಗೌಡರು ಅವನ ತೋಳು ಬಿಟ್ಟರು. ತೊಡೆಸಂದಿಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, ಮೆಲ್ಲಗೆ ನಡೆದು ಹೋಗಿ, ಸಾಲಿನ ಕೊನೆಯಲ್ಲಿ ಕೆಮ್ಮುತ್ತಿದ್ದ ಮುದುಕಿ ಚಾಂದ್‌ಬೀಯ ಹಿಂದೆ ನಿಂತುಕೊಂಡರು.