ಐವಿಯ ಪಾಲಿನ ಜಾಗ

ಅಗ್ಗದ ಬಸ್ ಪ್ರವಾಸದಲ್ಲಿ ಕೊಟ್ಟ ದುಡ್ಡಿಗೆ ಎರಡರಷ್ಟು ವಸೂಲಿ ಮಾಡುವುದು ಹೇಗೆ ಎಂದು ನನ್ನನ್ನು ಕೇಳಬೇಕು. ನಮ್ಮೂರು ಬರ್ನ್ಲಿಯಲ್ಲಿ ಕೇಳುತ್ತಾರೆ ಕೂಡ. ಮುಂದಿನ ಸೀಟು ಬೇಕಾದರೆ ಬುಕಿಂಗ್ ಶುರುವಾಗುವ ದಿನ ಅಂಗಡಿಯವನು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲಿರಬೇಕು. ಹೋಟೆಲಿನ ಬೆಳಗಿನ ತಿಂಡಿಗೆ ಹೋಗುವಾಗ ಕೈಚೀಲದಲ್ಲಿ ಮುಚ್ಚಳದ ಡಬ್ಬಿ ಎರಡಿರಬೇಕು. ಅಲ್ಲಿ ಹರವಿಟ್ಟ ಬ್ರೆಡ್ಡು, ಹ್ಯಾಮ್, ಚೀಸು ಮಧ್ಯಾಹ್ನಕ್ಕೂ ಆಗುತ್ತದೆ. ಫ್ಲಾಸ್ಕು ನಮ್ಮದು, ಬಿಸಿನೀರು ಅವರದು. ಮಾರ್ಗದರ್ಶಿ ಮೈಕು ಹಿಡಿದು, ಸಂಜೆ ದೋಣಿವಿಹಾರಕ್ಕೆ ಯಾರು ಬರುತ್ತೀರಿ, ಅದಕ್ಕೆ ಬೇರೆ ದುಡ್ಡು ಎಂದಾಗ ಕಿಟಕಿಯಾಚೆ ನೋಡುತ್ತಿರಬೇಕು. ನನ್ನ ಗಂಡ ವಿಲ್ಫ್‌ಗೆ ಇದೆಲ್ಲ ನಾಚಿಕೆ. ನಾಚಿಕೊಳ್ಳುತ್ತಲೇ ಹ್ಯಾಮ್ ತಿನ್ನುತ್ತಾನೆ.

ತೊಂಬತ್ತಮೂರರ ಅಕ್ಟೋಬರಿನಲ್ಲಿ ಬೆಲ್ಜಿಯಂಗೆ ಹೋದದ್ದು ನಾಲ್ಕು ದಿನದ ಪ್ರವಾಸ. ಮೂರು ರಾತ್ರಿ ಓಸ್ಟೆಂಡಿನ ಹೋಟೆಲು, ಕೊನೆಯ ದಿನ ಈಪ್ರ್ ಊರಲ್ಲಿ ಮುಕ್ಕಾಲು ಗಂಟೆ, ಆಮೇಲೆ ಗಡಿಯಾಚೆ ಕ್ಯಾಲೆ ಬಂದರಿನ ದೊಡ್ಡ ಮಳಿಗೆಯಲ್ಲಿ ಒಂದೂವರೆ ಗಂಟೆ, ಅಲ್ಲಿಂದ ಹಡಗು. ನನಗೆ ಬೆಲ್ಜಿಯಂ ಪ್ರವಾಸ ಎಂದರೆ ಆ ಒಂದೂವರೆ ಗಂಟೆ. ಆ ವರ್ಷದಿಂದ ಅಲ್ಲಿಯ ಅಗ್ಗದ ಬಿಯರನ್ನು ಮನೆ ಬಳಕೆಗೆ ಎಷ್ಟು ಬೇಕಾದರೂ ತರಬಹುದಿತ್ತು. ನಮ್ಮ ಮನೆ ಬಳಕೆಗೆ ನಾನು ಇಡೀ ಬೀದಿಯಿಂದ ಮತ್ತು ಬೌಲಿಂಗ್ ಕ್ಲಬ್ಬಿನಿಂದ ಮುಂಗಡ ತೆಗೆದುಕೊಂಡಿದ್ದೆ. ಎಲ್ಲ ಸರಿಯಾಗಿ ನಡೆದರೆ ನಮ್ಮಿಬ್ಬರ ಪ್ರವಾಸ ಪುಕ್ಕಟೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜಾತಿ ನಾನು, ಮುಚ್ಚಿಡುವುದೇಕೆ?

ತೊಡಕು ಒಂದೇ. ಬಸ್ಸಿನ ಹೊಟ್ಟೆಯಲ್ಲಿ ಜಾಗ ಕಡಿಮೆಯಂತೆ, ತಲೆಗೆ ನಾಲ್ಕೇ ಪೆಟ್ಟಿಗೆ ಎಂದು ಡ್ರೈವರು ಮೊದಲ ದಿನವೇ ಹೇಳಿಬಿಟ್ಟಿದ್ದ. ಹಾಗಾಗಿ ಕುಡಿಯದವರು ಯಾರು, ಒಂಟಿಯಾಗಿ ಬಂದವರು ಯಾರು ಎಂದು ಬಸ್ಸು ಬರ್ನ್ಲಿ ದಾಟುವ ಮೊದಲೇ ನಾನು ಎಣಿಸಿಟ್ಟುಕೊಂಡಿದ್ದೆ.

ಐವಿ ಹಾವರ್ತ್ ಒಂಟಿಯಾಗಿ ಬಂದವಳು. ಎಪ್ಪತ್ತಾರು ವರ್ಷ, ಬೂದು ಬಣ್ಣದ ಕೋಟು, ಒಂಬತ್ತನೇ ಸಾಲಿನಲ್ಲಿ ಎಡಗಡೆ. ಒಬ್ಬರೇ ಬಂದವರಿಗೆ ಕೋಣೆಯ ಬಾಡಿಗೆ ಹೆಚ್ಚು. ಅಷ್ಟು ಕೊಟ್ಟು ಆಕೆಗೆ ಸಿಕ್ಕಿದ್ದು ಲಿಫ್ಟಿನ ಪಕ್ಕದ ಗೂಡು, ರಾತ್ರಿಯೆಲ್ಲ ಗಡಗಡ. ಜಗಳವಾಡಿ ಬದಲಾಯಿಸಿಕೊಳ್ಳಿ ಎಂದು ನಾನು ಹೇಳಿಕೊಟ್ಟೆ. ಅವರಿಗೆ ಯಾಕೆ ತೊಂದರೆ ಎಂದಳು. ಕಾಸಿಗೆ ತಕ್ಕ ಕಜ್ಜಾಯ ಎನ್ನುತ್ತಾರೆ. ಈಕೆ ಕಾಸು ಜಾಸ್ತಿ ಕೊಟ್ಟು ಕಜ್ಜಾಯ ಬಿಟ್ಟುಕೊಡುವವಳು.

ಎರಡನೆಯ ದಿನ ಊಟಕ್ಕೆ ನಮ್ಮ ಮೇಜಿಗೇ ಬಂದು ಕುಳಿತಳು. ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಬಂದಿರಿ ಎಂದು ವಿಲ್ಫ್ ಕೇಳಿದ. ಆಗ ಮೆಲ್ಲಗೆ ಹೇಳಿದಳು. ಆಕೆಯ ತಂದೆ ಹದಿನೇಳನೇ ಇಸವಿಯ ಅಕ್ಟೋಬರಿನಲ್ಲಿ ಈಪ್ರ್ ಬಳಿ ಮೊದಲ ಮಹಾಯುದ್ಧದಲ್ಲಿ ಸತ್ತ. ಆಗ ಆಕೆಗೆ ಏಳು ತಿಂಗಳು. ಅವನಿಗೆ ರಜೆ ಸಿಗಲೇ ಇಲ್ಲ, ಮಗಳ ಮುಖ ನೋಡಲೇ ಇಲ್ಲ. ತಾಯಿ ಮರುಮದುವೆಯಾದಳು, ಮಲತಂದೆಯ ಮನೆಯಲ್ಲಿ ಆ ಹೆಸರನ್ನು ಎತ್ತುವಂತಿರಲಿಲ್ಲ. ಆಮೇಲೆ ತಾಯಿಯ ಕಾಯಿಲೆ, ಆಮೇಲೆ ಗಂಡನದು. ಹೀಗೆ ಎಪ್ಪತ್ತಾರು ವರ್ಷ ಆ ಗೋರಿಯ ಮುಂದೆ ಅವನ ಕಡೆಯವರು ಒಬ್ಬರೂ ನಿಂತಿಲ್ಲ. ಈಗ ಆಕೆಯ ಕಣ್ಣಿನ ನಡುಭಾಗವೇ ಸವೆಯುತ್ತಿದೆ, ಬೇಸಿಗೆಯ ಹೊತ್ತಿಗೆ ಅಕ್ಷರ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

"ಕಲ್ಲಿನ ಮೇಲೆ ಅವರ ಹೆಸರಿದ್ಯಂತೆ. ಒಂದ್ಸಲ ನಾನೇ ಓದ್ಬೇಕು ಅಂತ," ಎಂದಳು. "ಬೇರೆಯವ್ರು ಓದಿ ಹೇಳೋದಲ್ಲ."

ಸ್ಮಶಾನ ನಮ್ಮ ದಾರಿಯಿಂದ ಎರಡೇ ಮೈಲಿ ಒಳಗಿತ್ತು. ಬಸ್ಸಲ್ಲಿ ಕೇಳಿನೋಡಿ, ನಿಲ್ಲಿಸಬಹುದು ಎಂದು ಟಿಕೆಟು ಕೊಟ್ಟವರು ಹೇಳಿ ಕಳಿಸಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳಲ್ಲ, ನಿಜವಾಗಿ ಬಂತು. ಆಕೆಯ ಕೈ ಹಿಡಿದು, ನಿಲ್ಲಿಸದೆ ಏನು, ನಾವೆಲ್ಲ ಇದ್ದೇವಲ್ಲ ಎಂದೆ. ಅದೇ ಉಸಿರಿನಲ್ಲಿ, ಬಿಯರು ಗಿಯರು ಏನಾದರೂ ಕೊಳ್ಳುತ್ತೀರಾ ಎಂದು ಕೇಳಿದೆ. ಇಲ್ಲ, ನನಗ್ಯಾಕೆ ಎಂದಳು. ಹಾಗಾದರೆ ನಿಮ್ಮ ಪಾಲಿನ ನಾಲ್ಕು ಪೆಟ್ಟಿಗೆ ಜಾಗ ನನಗಿರಲಿ ಎಂದೆ. ಧಾರಾಳವಾಗಿ ಎಂದಳು. ವಿಲ್ಫ್ ತಲೆಯೆತ್ತದೆ ಸೂಪು ಕುಡಿದ.

ಕೊನೆಯ ದಿನ ಈಪ್ರ್‌ನಲ್ಲಿ ಬಸ್ಸು ಹೊರಡುವ ಮುಂಚೆ ಐವಿ ಲಿನೆಟ್‌ಳ ಹತ್ತಿರ ಹೋದಳು. ಲಿನೆಟ್ ನಮ್ಮ ಮಾರ್ಗದರ್ಶಿ, ಒಳ್ಳೆಯ ಹುಡುಗಿ, ಆದರೆ ತೀರ್ಮಾನ ಎಂಬುದು ಎದುರಿಗೆ ಬಂದರೆ ಬೆವರುವವಳು. ಎಲ್ಲರೂ ಕುಳಿತ ಮೇಲೆ ಮೈಕು ಹಿಡಿದಳು. ನಮ್ಮ ಐವಿಯವರಿಗೆ ಒಂದು ಸ್ಮಶಾನ ನೋಡಬೇಕಂತೆ. ಹೋಗಿ ಬರಲು ಐವತ್ತು ನಿಮಿಷ. ಹಡಗಿನ ಹೊತ್ತು ನಮಗಾಗಿ ಬದಲಾಗುವುದಿಲ್ಲ. ಹಾಗಾಗಿ ಮಳಿಗೆಯಲ್ಲಿ ಒಂದೂವರೆ ಗಂಟೆಯ ಬದಲು ನಲವತ್ತೇ ನಿಮಿಷ ಸಿಗುತ್ತದೆ. ಪಟ್ಟಿಯಲ್ಲಿ ಇಲ್ಲದ ಜಾಗವಾದ್ದರಿಂದ ಎಲ್ಲರೂ ಒಪ್ಪಬೇಕು. ಏನು ಹೇಳುತ್ತೀರಿ?

ನಲವತ್ತೊಂದು ಜನ ತಮ್ಮ ತಮ್ಮ ಮೊಣಕಾಲು ನೋಡಿಕೊಂಡರು. ನಲವತ್ತು ನಿಮಿಷದಲ್ಲಿ ಗಾಡಿ ತಳ್ಳಿ, ತುಂಬಿಸಿ, ಸಾಲಿನಲ್ಲಿ ನಿಂತು ಬರುವುದರೊಳಗೆ ನನ್ನ ಹನ್ನೆರಡು ಪೆಟ್ಟಿಗೆಯಲ್ಲಿ ನಾಲ್ಕಾದರೂ ಸಿಕ್ಕೀತೆ ಎಂದು ನಾನು ಲೆಕ್ಕ ಹಾಕಿದೆ. ಸಿಗುವುದಿಲ್ಲ. ಮುಂಗಡ ಕೊಟ್ಟವರ ಮುಖಗಳೂ ಕಂಡವು.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಟೀ ಬೇಕಾ ಎಂದರೆ ಬೇಡ ಎನ್ನಬೇಕು. ಅದು ಮರ್ಯಾದೆ. ಇನ್ನೊಮ್ಮೆ ಕೇಳಿದರೆ, ಅಯ್ಯೋ ನಿಮಗ್ಯಾಕೆ ತೊಂದರೆ ಎನ್ನಬೇಕು. ಮೂರನೆಯ ಸಲಕ್ಕೆ, ಹೇಗೂ ಮಾಡ್ತಿದ್ದೀರಲ್ಲ, ಅರ್ಧ ಕಪ್ಪು ಎನ್ನುವುದು. ಮೊದಲ 'ಬೇಡ'ವನ್ನು ನಿಜವೆಂದು ನಂಬುವವರು ನಮ್ಮಲ್ಲಿ ಹಸುಗೂಸುಗಳು ಮತ್ತು ಲಂಡನ್ನಿನವರು. ನಾನು ಎರಡೂ ಅಲ್ಲ.

ಎದ್ದು ನಿಂತು, ಸೀಟಿನ ಬೆನ್ನು ಹಿಡಿದು ಹಿಂದೆ ತಿರುಗಿದೆ. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ನಾನು ಕೇಳಿದೆ. ಬಸ್ಸಿಗೆಲ್ಲ ಕೇಳುವಂತೆ, ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಕೇಳಿದೆ.

"ಐವಿಯಮ್ಮ, ನಿಮ್ ಇಷ್ಟ ಕಣ್ರೀ. ನೀವು ಬೇಕು ಅಂದ್ರೆ ಈ ಬಸ್ಸಲ್ಲಿ ಒಬ್ರೂ ಬೇಡ ಅನ್ನಲ್ಲ. ಎಲ್ರೂ ಅಂಗಡಿ ಬಿಟ್ಟು ಬರ್ತೀವಿ. ಹೋಗ್ಲೇಬೇಕಾ?"

ಆಕೆ ನನ್ನನ್ನು ನೋಡಿದಳು. ನಡುವೆ ಮಸುಕಾಗಿ ಅಂಚಿನಲ್ಲಿ ಮಾತ್ರ ಕಾಣುವ ಕಣ್ಣು, ಹಾಗಾಗಿ ನನ್ನ ಕಿವಿಯ ಪಕ್ಕಕ್ಕೆ ನೋಡುತ್ತಿದ್ದಳು. ಮುಖ ಕೆಂಪಾಯಿತು. ನಲವತ್ತೊಂದು ಜನ ತನ್ನ ಒಂದು ಮಾತಿಗೆ ಕಾಯುವುದು ಆಕೆಯ ಬದುಕಿನಲ್ಲಿ ಅದೇ ಮೊದಲಿರಬೇಕು.

"ಅಯ್ಯೋ ಬೇಡ ಬೇಡ," ಎಂದಳು. "ನನ್ನಿಂದ ಯಾರಿಗೂ ತೊಂದ್ರೆ ಆಗ್ಬಾರ್ದು."

"ನೋಡಿ, ಎಂಥ ದೊಡ್ಡ ಮನಸ್ಸು," ಎಂದು ನಾನು ಚಪ್ಪಾಳೆ ತಟ್ಟಿದೆ. ಬಸ್ಸೆಲ್ಲ ತಟ್ಟಿತು. ಲಿನೆಟ್‌ಗೆ ಜೀವ ಬಂತು, ಡ್ರೈವರಿಗೆ ಹೊರಡು ಎಂದಳು. ನಾನು ಕುಳಿತೆ.

ವಿಲ್ಫ್ ನನ್ನ ಕಡೆ ವಾಲಿದ. "ಮೇವಿಸ್, ಇನ್ನೊಂದ್ಸಲ ಕೇಳು," ಎಂದ.

"ಬೇಡ ಅಂದ್ರಲ್ಲ. ಕಿವಿ ಕೇಳ್ಸಲ್ವಾ ನಿಂಗೆ?"

"ಇನ್ನೊಂದ್ಸಲ ಕೇಳೇ."

"ನಿಂಗೂ ಬಾಯಿದೆ. ನೀನೇ ಕೇಳು."

ಅವನು ಕೇಳಲಿಲ್ಲ. ಮೂವತ್ತೆಂಟು ವರ್ಷ ನನ್ನ ಜೊತೆ ಬಾಳಿದವನು, ನಾನು ಮುಗಿಸಿದ ಮಾತನ್ನು ಅವನು ಶುರುಮಾಡುವುದಿಲ್ಲ. ಹತ್ತು ನಿಮಿಷದ ಮೇಲೆ ಬಲಗಡೆ ಸ್ಮಶಾನದ ಹೆಸರಿದ್ದ ಒಂದು ಸಣ್ಣ ಹಸಿರು ಫಲಕ ಬಂತು, ಅದರ ಹಿಂದೆ ಟರ್ನಿಪ್ ಹೊಲದ ನಡುವೆ ಹೋಗುವ ಕಿರುದಾರಿ. ಡ್ರೈವರು ತಾನಾಗಿಯೇ ವೇಗ ತಗ್ಗಿಸಿದ. ಐವಿ ಎಡಗಡೆಯ ಸೀಟಿನಿಂದ ಅರ್ಧ ಎದ್ದು, ಕತ್ತು ನೀಡಿ ಬಲಗಡೆಗೆ ನೋಡಿದಳು. ಹತ್ತನೇ ಸಾಲಿನವರು ಕುಳಿತುಕೊಳ್ಳಿ, ಬಿದ್ದೀರಿ ಎಂದರು. ಕುಳಿತಳು.

ಮಳಿಗೆಯಲ್ಲಿ ನನ್ನ ಕೆಲಸ ಸುಸೂತ್ರವಾಗಿ ನಡೆಯಿತು. ಹನ್ನೆರಡು ಪೆಟ್ಟಿಗೆ, ತಂಬಾಕಿನ ಪೊಟ್ಟಣ ಬೇರೆ. ಐವಿ ಏನೂ ಕೊಳ್ಳಲಿಲ್ಲ. ಅಷ್ಟೇ ಅಲ್ಲ, ನನ್ನ ಎರಡನೆಯ ಗಾಡಿಯನ್ನು ಬಾಗಿಲಿನಿಂದ ಬಸ್ಸಿನವರೆಗೆ ತಾನೇ ತಳ್ಳಿಕೊಂಡು ಬಂದಳು. ನಾನು ಬೇಡ ಎನ್ನಲಿಲ್ಲ. ಒಮ್ಮೆಯೂ ಎನ್ನಲಿಲ್ಲ.

ಬಂದರಿಗೆ ಬಂದಾಗ ನಾಲ್ಕು ಗಂಟೆ. ಲಿನೆಟ್ ಕೆಳಗಿಳಿದು ಹೋಗಿ, ತಿರುಗಿ ಬಂದು, ಮೈಕನ್ನು ಕೈಗೆತ್ತಿಕೊಂಡಳು. ಕಡಲಲ್ಲಿ ಗಾಳಿ ಜೋರಾಗಿದೆ, ನಮ್ಮ ಹಡಗು ಆಚೆ ದಡದಿಂದ ಇನ್ನೂ ಹೊರಟೇ ಇಲ್ಲ. ಮೂರು ಗಂಟೆ ಕಾಯಬೇಕು.

ಮೂರು ಗಂಟೆ. ಬಸ್ಸಿನಲ್ಲಿ ಒಬ್ಬರೂ ಗೊಣಗಲಿಲ್ಲ. ಹಡಗು ತಡವಾದರೆ ನಮ್ಮವರು ಕಂಪನಿಯ ಮೂರು ತಲೆಮಾರನ್ನು ಜಾಲಾಡುತ್ತಾರೆ. ಅಂದು ಯಾರೋ ಸಿಹಿ ಪೊಟ್ಟಣ ಬಿಚ್ಚಿದ ಸದ್ದಷ್ಟೇ ಕೇಳಿತು, ಅದೂ ನಿಂತಿತು. ಐವಿ ಮಾತ್ರ, ಹಿಂದಕ್ಕೆ ಆ ಸ್ಮಶಾನಕ್ಕೆ ಎಷ್ಟು ದೂರ ಎಂದು ಲಿನೆಟ್‌ಳನ್ನು ಕೇಳಿದಳು. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಎಂದಳು ಲಿನೆಟ್. ಆದರೆ ಡ್ರೈವರು ಕಾನೂನಿನ ಪ್ರಕಾರ ಇವತ್ತು ಇನ್ನು ಅಷ್ಟು ಹೊತ್ತು ಓಡಿಸುವಂತಿಲ್ಲ, ರಾತ್ರಿ ಊರು ಸೇರಬೇಕಲ್ಲ. ಐವಿ ತಲೆಯಾಡಿಸಿದಳು. ಹೌದಲ್ಲ, ಅವರಿಗೂ ದಣಿವು ಎಂದಳು.

ಹೊರಗೆ ಇನ್ನೂ ಬೆಳಕಿತ್ತು. ಒಂದು ಹೆಸರು ಓದುವಷ್ಟು ಬೆಳಕು ಧಾರಾಳವಾಗಿತ್ತು.

ನನಗೆ ನಾಚಿಕೆಯಾಯಿತು. ಎದ್ದು ಹೋಗಿ ಆಕೆಯ ಪಕ್ಕ ಕುಳಿತು, ತಪ್ಪಾಯಿತು ಎನ್ನಬೇಕೆಂದು ನಿಜವಾಗಿ ಅನ್ನಿಸಿತು. ಏಳಲಿಲ್ಲ. ಎದ್ದವಳು ಆಕೆ. ಸೀಟಿನಿಂದ ಸೀಟಿಗೆ ಕೈಯಿಡುತ್ತ, ಎಂಟು ಸಾಲು ದಾಟಿ, ನಾನು ಮೆಟ್ಟಿಲ ಮೇಲೆ ಕಾದು ಗಿಟ್ಟಿಸಿದ ಮುಂದಿನ ಸೀಟಿನ ಹತ್ತಿರ ಬಂದು ನಿಂತಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿ, ಒಂದೆರಡು ಬಯ್ದರೆ ಸರಿಹೋಗುತ್ತದೆ ಎಂದುಕೊಂಡೆ.

"ಮೇವಿಸ್," ಎಂದಳು ಮೆಲ್ಲಗೆ, "ನಿಮಗೆ ಬೇಕಾದ್ದೆಲ್ಲ ಸಿಕ್ತಾ?"

ಮುಖ ನೋಡಿದೆ. ಕೊಂಕು ಹುಡುಕಿದೆ. ಇರಲಿಲ್ಲ. ಆಕೆಗೆ ನಿಜವಾಗಿ ತಿಳಿಯಬೇಕಿತ್ತು; ತಾನು ಬಿಟ್ಟುಕೊಟ್ಟದ್ದು ಯಾರಿಗಾದರೂ ಉಪಯೋಗಕ್ಕೆ ಬಂತೇ ಎಂದು.

ಪಕ್ಕದಲ್ಲಿ ವಿಲ್ಫ್ ನನ್ನ ಕಡೆ ತಿರುಗಿದ. ನಾನು ಬಾಯಿ ತೆರೆದೆ. ಕ್ಷಮಿಸಿ ಎಂಬ ಮಾತು ನಾಲಿಗೆಯ ಮೇಲೇ ಇತ್ತು.

"ಬಸ್ಸಲ್ಲಿ ಇನ್ನೂ ಎರಡು ಪೆಟ್ಟಿಗೆಗೆ ಜಾಗ ಇತ್ತು," ಎಂದೆ.

"ಛೇ, ಪಾಪ," ಎಂದಳು ಐವಿ. ನನ್ನ ಭುಜ ತಟ್ಟಿ, ಸೀಟುಗಳನ್ನು ತಡವಿಕೊಳ್ಳುತ್ತ ತನ್ನ ಜಾಗಕ್ಕೆ ಹೋದಳು.